ಅಜ್ಜಿ ಬಿಟ್ಟ ಚಹಾ

ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಗಂಗೆಗೆ ಬಿಡಬೇಕು, ಬಿಟ್ಟದ್ದನ್ನು ಮತ್ತೆ ಬಾಯಿಗಿಡಬಾರದು. ಇದು ನಮ್ಮ ಕಡೆಯವರ ರೂಢಿ. ಜಾಣರು ಹಾಗಲಕಾಯಿ ಬಿಟ್ಟು ಪಾರಾಗುತ್ತಾರೆ. ನಮ್ಮ ಕೆಳಗಿನ ಕೋಣೆಯ ಅಜ್ಜಿ ಬದನೆಕಾಯಿಯನ್ನೇ ಬಿಟ್ಟಿದ್ದಳು. ಗದಗಿನ ಕಡೆಯವಳು ಎಣ್ಣೆಗಾಯಿ ಬಿಡುವುದೆಂದರೆ ಸಣ್ಣ ಮಾತಲ್ಲ.

"ಬದನೀಕಾಯಿ ಕೊಟ್ಟೇನಿ, ಸಾಕು. ಚಾ ಮಾತ್ರ ವಿಶ್ವನಾಥನೇ ಬಂದು ಕೇಳಿದ್ರೂ ಕೊಡಂಗಿಲ್ಲ. ಕುಂದ್ರಪಾ, ನೀನೂ ಒಂದು ಗುಟುಕು ಕುಡದು ಹೋಗು ಅಂತೀನಿ," ಎಂದು ನಗುತ್ತಿದ್ದಳು.

ಆ ಚಹಾವನ್ನು ಅವಳಿಂದ ಬಿಡಿಸಿದವಳು ನಾನು. ನನ್ನ ತಂಗಿಗೂ ಇದು ಗೊತ್ತಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾವು ಜಂಗಮವಾಡಿಯ ಒಂದು ಓಣಿಯಲ್ಲಿ, ಹಳೆಯ ಮನೆಯ ಮಾಳಿಗೆಯ ಮೇಲಿದ್ದೆವು. ಅಪ್ಪ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಅಡುಗೆ ಮಾಡುತ್ತಿದ್ದ. ಅವ್ವ ಬೆಳಗಾಗುತ್ತಲೇ ಅವನ ಜೊತೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಮನೆ ಮತ್ತು ನಾಲ್ಕು ವರ್ಷದ ತಂಗಿ ನನ್ನ ಪಾಲು. ಅಜ್ಜಿ ನಮಗೆ ಬಳಗದವಳಲ್ಲ. ಗಂಡ ಸತ್ತ ಮೇಲೆ ಕಾಶಿಯಲ್ಲೇ ಕಣ್ಣುಮುಚ್ಚಬೇಕೆಂದು ಬಂದವಳು. ಕಣ್ಣಿಗೆ ಪೊರೆ ಬಂದಿತ್ತು. ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ತಂಗಿಯೇ ಅವಳ ಬಾಯಿ. ಕೈಹಿಡಿದುಕೊಂಡು ಓಣಿಯ ತುದಿಯ ಚಹಾದಂಗಡಿಗೆ ಕರೆದೊಯ್ಯುತ್ತಿದ್ದಳು, ಕಾಯಿಪಲ್ಯದವನ ಜೊತೆ ಅಜ್ಜಿಯ ಪರವಾಗಿ ಜಗಳವನ್ನೂ ಆಡುತ್ತಿದ್ದಳು. ಆ ಜಗಳ ಅರ್ಧ ಹಿಂದಿ, ಅರ್ಧ ಕನ್ನಡ. "ಭೈಯಾ, ಯೇ ಟೊಮೆಟೊ ಕೊಳತದ" ಎಂದರೆ ಅವನೂ ನಕ್ಕು ಬೇರೆಯದನ್ನು ಕೊಡುತ್ತಿದ್ದ.

ಆ ಅರ್ಧರ್ಧ ಮಾತೇ ನನಗೆ ಭಯ. ಮೂರನೆಯ ತರಗತಿಯಲ್ಲಿ ಒಂದು ದಿನ ನನಗೆ ಹೊಟ್ಟೆನೋವು. ಎದ್ದು ನಿಂತು "ಮ್ಯಾಡಮ್, ಮೇರಾ ಹೊಟ್ಟೆ ದುಖ್ ರಹಾ ಹೈ" ಎಂದಿದ್ದೆ. ಆಮೇಲೆ ಶಾಲೆಯಲ್ಲಿ ನನ್ನ ಹೆಸರೇ 'ಹೊಟ್ಟೆ' ಆಯಿತು. ಐದನೆಯದಕ್ಕೆ ಶಾಲೆ ಬಿಟ್ಟೆ. ಮನೆಗೆಲಸಕ್ಕಾಗಿ ಬಿಟ್ಟೆ ಎಂದು ಎಲ್ಲರೂ ತಿಳಿದರು, ನಾನೂ ಹಾಗೆಯೇ ಹೇಳಿದೆ. ಕನ್ನಡ ಓದಲು ಕಲಿತದ್ದು ಆಮೇಲೆ, ಯಾತ್ರಿಕರು ಬಿಟ್ಟುಹೋದ ವಾರಪತ್ರಿಕೆಗಳಿಂದ.

ಹಾಗಾಗಿ ಸೋನಾರ್‌ಪುರದ ಕಡೆಯ ಒಂದು ಶಾಲೆಯಲ್ಲಿ ಎಲ್‌ಕೆಜಿಗೆ ಮಕ್ಕಳನ್ನು ಮಾತಾಡಿಸಿ ತೆಗೆದುಕೊಳ್ಳುತ್ತಾರೆ ಎಂದು ತಿಳಿದಾಗ, ತಂಗಿಯನ್ನು ನಾನೇ ತಯಾರು ಮಾಡುತ್ತೇನೆಂದೆ. ಅದು ಚಳಿಗಾಲ. ಆ ಬೆಳಗುಗಳನ್ನು ನೆನೆದರೆ ಈಗಲೂ ಮನಸ್ಸು ಬೆಚ್ಚಗಾಗುತ್ತದೆ. ಮಂಜು ಕರಗಿದ ಮೇಲೆ ಮಾಳಿಗೆಯ ಬಿಸಿಲಿನಲ್ಲಿ ಕೂತು ಅವಳ ತಲೆ ಬಾಚುತ್ತಿದ್ದೆ. ಸಂಕ್ರಾಂತಿಯ ಗಾಳಿಪಟಗಳು ಆಕಾಶ ತುಂಬಿರುತ್ತಿದ್ದವು. ಅವುಗಳಿಂದಲೇ ಲಾಲ್, ಪೀಲಾ, ನೀಲಾ ಕಲಿಸಿದೆ. ಕೋತಿಗೆ ಕೊಡದೆ ಡಬ್ಬಿಯ ಮುಚ್ಚಳ ತೆಗೆದು ತಿನ್ನುವುದು, ಬೂಟಿನ ಎಡಬಲ, ಉಚ್ಚೆ ಬಂದರೆ ಕೈ ಎತ್ತುವುದು, ಎಲ್ಲವನ್ನೂ ಕಲಿತಳು. ಬಾಯಿಂದ ಕನ್ನಡ ಮಾತ್ರ ಹೋಗಲಿಲ್ಲ.

ಅದಕ್ಕೆ ನಾನು ಕಿವುಡಿ ಆಟ ಹುಡುಕಿದೆ. ಯಾರು ಕನ್ನಡದಲ್ಲಿ ಕರೆದರೂ ಕೇಳಿಸಲಿಲ್ಲ ಎನ್ನುವಂತೆ ಕೂರಬೇಕು. ಸಂಜೆಯವರೆಗೆ ಸೋಲದಿದ್ದರೆ ಮರುದಿನ ಬೆಳಿಗ್ಗೆ ಗೋದೌಲಿಯಾದಲ್ಲಿ ಮಲೈಯೋ. ಹಾಲಿನ ಆ ಕೇಸರಿ ನೊರೆ ಚಳಿಗಾಲದಲ್ಲಷ್ಟೇ ಸಿಗುತ್ತದೆ, ಬಾಯಲ್ಲಿಟ್ಟರೆ ಇಲ್ಲವಾಗುತ್ತದೆ. ಅದಕ್ಕಾಗಿ ನನ್ನ ತಂಗಿ ಏನು ಬೇಕಾದರೂ ಮಾಡುತ್ತಿದ್ದಳು.

ಆಟದ ವಿಷಯ ಅಜ್ಜಿಗೆ ಹೇಳಲಿಲ್ಲ. ಹೇಳಿದರೆ ಅವಳು ಮುದ್ದು ಮಾಡಿ ಕೆಡಿಸುತ್ತಾಳೆ ಎಂದುಕೊಂಡೆ. ತಂಗಿ ನನಗಿಂತ ಅವಳನ್ನೇ ಹೆಚ್ಚು ಹಚ್ಚಿಕೊಂಡಿದ್ದಾಳೆ ಎಂಬ ಹೊಟ್ಟೆಕಿಚ್ಚೂ ಇತ್ತು.

ಅಜ್ಜಿ ಕೆಳಗಿನಿಂದ "ಬಾರವ್ವ ಕೂಸ, ಚಾಕ್ಕ ಹೋಗೂಣು" ಎಂದು ಕರೆಯುತ್ತಿದ್ದಳು. ತಂಗಿ ಬೆನ್ನು ತಿರುಗಿಸಿ, ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಪೊರೆಗಣ್ಣಿಗೆ ಆ ನಗು ಕಾಣುತ್ತಿರಲಿಲ್ಲ. ಕೆಲವು ದಿನಗಳಾದ ಮೇಲೆ ಅಜ್ಜಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ.

"ಕೂಸಿನ ಕಿವಿ ಮಂದ ಆಗ್ಯಾವ. ನಿಮಗ ತಿಳಿವಲ್ದೇನು?"

"ಥಂಡಿಗೆ ಹಂಗಾಗಿರಬೇಕಜ್ಜಿ," ಎಂದೆ.

ಹೇಳಬೇಕಾದ ಹೊತ್ತು ಅದು. ಶಾಲೆಗೆ ಹೋಗುವ ದಿನ ಹತ್ತಿರವಿತ್ತು, ಅದೊಂದು ಮುಗಿಯಲಿ ಎಂದು ಸುಮ್ಮನಾದೆ. ಅಜ್ಜಿ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿ ಹನಿಯಾಗಿ ಎಣ್ಣೆ ಬಿಟ್ಟಳು. ತಂಗಿ ಆಟ ಸೋಲಲಿಲ್ಲ.

ಮರುದಿನದಿಂದ ಅಜ್ಜಿಯನ್ನು ಚಹಾದಂಗಡಿಗೆ ನಾನೇ ಕರೆದೊಯ್ಯುವಂತಾಯಿತು. ಒಂದು ಬೆಳಿಗ್ಗೆ ಅಂಗಡಿಯವನು ಎಂದಿನಂತೆ ಮಣ್ಣಿನ ಕುಡಿಕೆ ಚಾಚಿದ. ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು.

"ಕಾ ಮಾಈ, ಆಜ್ ಚಾಯ್ ನಾ?" ಎಂದ ಅವನು.

"ಅವಗ ತಿಳಿಸಿ ಹೇಳವ್ವ," ಎಂದಳು ಅಜ್ಜಿ. "ಕೂಸಿಗೆ ಕಿವಿ ಬರ್ಲಿ ಅಂತ ಗಂಗವ್ವಗ ಚಾ ಬಿಟ್ಟೇನಿ. ನಿನ್ನಿ ಮುಳುಗಿ ಬಂದೆ."

ಅದನ್ನು ಹಿಂದಿಯಲ್ಲಿ ಹೇಳಿದವಳು ನಾನು. ಅಂಗಡಿಯವನು ಕೈಮುಗಿದ. ಆಗಲೂ ನಾನು ನಿಜ ಹೇಳಲಿಲ್ಲ. ಹೇಗೂ ಬಿಟ್ಟಾಗಿದೆ, ಈಗ ಹೇಳಿದರೆ ಅವಳಿಗೆ ಇನ್ನೂ ನೋವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಶಾಲೆಯಲ್ಲಿ ಮ್ಯಾಡಮ್ ತಂಗಿಯನ್ನು ಮೇಜಿನ ಮೇಲೆ ಕೂರಿಸಿ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರು.

"ಮಮ್ಮಿ, ಪಾಪಾ, ದೀದಿ. ಔರ್ ನೀಚೆ ಅಜ್ಜಿ."

"ಅಜ್ಜಿ ಕ್ಯಾ ಹೋತಾ ಹೈ?"

"ಅಜ್ಜಿ ಮಾನೇ ಅಜ್ಜಿ," ಎಂದಳು ತಂಗಿ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ.

ಮ್ಯಾಡಮ್ ನಕ್ಕರು. ಇನ್ನು ಇವಳ ಹೆಸರೂ 'ಅಜ್ಜಿ' ಆಯಿತು ಎಂದುಕೊಂಡೆ. ಆದರೆ ಆ ನಗುವಿನಲ್ಲಿ ಕುಹಕವಿರಲಿಲ್ಲ. ಅವರು ತಂಗಿಯ ಕೆನ್ನೆ ಹಿಂಡಿ, "ಅಜ್ಜಿಗೆ ಹೇಳು, ನಿನಗೆ ಸೀಟು ಸಿಕ್ಕಿತು ಅಂತ" ಎಂದು ಹಿಂದಿಯಲ್ಲಿ ಹೇಳಿ ಕಳಿಸಿದರು. ಯಾವ ಒಂದು ಮಾತು ಬಾರದಿರಲಿ ಎಂದು ಇಷ್ಟೆಲ್ಲ ಮಾಡಿದ್ದೆನೋ, ಆ ಮಾತಿಗೇ ಅವರು ಅವಳನ್ನು ಮೆಚ್ಚಿದ್ದರು.

ಆಟ ಮುಗಿಯಿತು ಎಂದು ನಾನು ಹೇಳಿದ್ದೇ ತಡ, ತಂಗಿ ಓಣಿಯ ಉದ್ದಕ್ಕೂ "ಅಜ್ಜೀ" ಎಂದು ಕೂಗುತ್ತ ಓಡಿದಳು. ಅಜ್ಜಿ ಬಾಗಿಲಲ್ಲೇ ಅವಳ ಎರಡೂ ಕಿವಿ ಹಿಡಿದು, "ನಾ ಅನ್ನೂದು ಕೇಳಸ್ತದ?" ಎಂದಳು.

"ಕೇಳಸ್ತದ."

ಅಂದಿನಿಂದ ಅಜ್ಜಿ ಊರ ಕಡೆಯಿಂದ ಬಂದ ಪ್ರತಿಯೊಬ್ಬರಿಗೂ ಗಂಗವ್ವ ಕಿವಿ ಕೊಟ್ಟ ಕಥೆ ಹೇಳುತ್ತಿದ್ದಳು. ಬೆಳೆಯುತ್ತ ಆಟವನ್ನು ಮರೆತ ತಂಗಿಯೂ ಅದನ್ನೇ ನಂಬಿದಳು. ತಂಗಿಯನ್ನು ಶಾಲೆಯ ರಿಕ್ಷಾಕ್ಕೆ ಹತ್ತಿಸಿ, ಚಹಾದಂಗಡಿಯ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಹಾಲು ಕುದಿಯುವ ವಾಸನೆ ಬಂದಾಗ ಮುಖವನ್ನು ಒಲೆಯ ಕಡೆಗೆ ತಿರುಗಿಸುತ್ತಿದ್ದಳು, ಅಷ್ಟೇ. ಹೀಗೆ ವರ್ಷಗಳು ಕಳೆದವು. ಹೇಳಲು ದಿನವೂ ಒಂದು ಬೆಳಗು ಸಿಗುತ್ತಿತ್ತು, ದಿನವೂ ನಾನು ಅದನ್ನು ಕಳೆದುಕೊಂಡೆ.

ಕೊನೆಗೆ ಅವಳು ಹಾಸಿಗೆ ಹಿಡಿದಾಗ ಅದೇ ಅಂಗಡಿಯಿಂದ ಚಹಾ ತಂದೆ. ತಂಗಿ ಶಾಲೆಗೆ ಹೋಗಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿ, "ಅದು ಆಟ ಇತ್ತಜ್ಜಿ. ಹರಕಿ ಸುಳ್ಳಿಗೆ ಆಗೇತಿ. ಇದನ್ನ ಕುಡಿ," ಎಂದೆ.

ಅವಳು ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹಂಗಾರ ಕೂಸಿಗೆ ಏನೂ ಆಗಿದ್ದಿಲ್ಲ?"

"ಇಲ್ಲಜ್ಜಿ."

"ಎಣ್ಣಿ ಬಿಟ್ಟಾಗ ಕಿವಿ ಉರದಿರಬೇಕು ಅದಕ್ಕ," ಎಂದಳು. ಆಮೇಲೆ ಕುಡಿಕೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. "ಕೊಟ್ಟದ್ದು ಕೊಟ್ಟಂಗವ್ವ. ತಿರುಗಿ ಇಸ್ಕೋಬಾರದು. ನೀ ಕುಡಿ, ಆರಾಕತ್ತೈತಿ."

ಅವಳ ಮುಂದೆ ಕೂತು ಅದನ್ನು ತಳದವರೆಗೆ ಕುಡಿದೆ. ಅವಳು ವಾಸನೆಯ ಕಡೆಗೆ ಮುಖ ತಿರುಗಿಸಿ ಮಲಗಿದ್ದಳು.