ಬೋರ್ಡಿನಿಂದ ಕೆಳಗಿಳಿದ ದಡಿ

ನಮ್ಮ ಕಾಫಿ ಅಂಗಡಿಗಳಿಗೆ ಹೊಸ ರೂಪ ಕೊಡುತ್ತಿರುವ ಡಿಸೈನರ್ ನಿನ್ನೆ ಫೋನಿಗೆ ಒಂದು ಚಿತ್ರ ಕಳಿಸಿದರು. ಗೋಡೆಯ ಮೇಲೊಂದು ಖಾಲಿ ಚೌಕ. ಕೆಳಗೆ, ‘ಸರ್, ಇಲ್ಲಿ ನಿಮ್ಮ ಕೆಂಪು ದಡಿಯ ಕತೆ ಬರಬೇಕು. ನಾಲ್ಕೇ ಸಾಲು ಸಾಕು. ಓದಿದವರ ಮುಖದಲ್ಲಿ ನಗು ಮೂಡಬೇಕು.’ ನಗು ಅಂತೆ! ಪೆನ್ನು ಹಿಡಿದು ಕೂತರೆ ನನ್ನ ಮುಖವೇ ಬಿಸಿಯಾಯಿತು. ಈ ವಯಸ್ಸಿನಲ್ಲಿ, ಒಬ್ಬನೇ ಕೂತಾಗಲೂ ನಾಚಿಕೆಗೆ ಕಿವಿ ಕೆಂಪಾಗುತ್ತವೆ ಎಂದು ನನಗೆ ಗೊತ್ತಿರಲಿಲ್ಲ.

ಆ ದಡಿ, ಅಂದರೆ ಸೀರೆಯ ಅಂಚಿನ ಚಿತ್ತಾರ, ನನ್ನ ಸೋದರಮಾವನದು. ಬೆಟಗೇರಿಯಲ್ಲಿ ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ಕೈಮಗ್ಗದ ಮೇಲೆ ಸೀರೆ ನೇಯುವವರು. ಮಾರಾಟಕ್ಕೆ ಬಗೆಬಗೆಯ ದಡಿ ನೇಯ್ದರೂ ಇದೊಂದನ್ನು ಮನೆದೇವಿಗೆ ಉಡಿಸುವ ಸೀರೆಗೆ ಮಾತ್ರ, ವರ್ಷಕ್ಕೊಮ್ಮೆ, ನೇಯುತ್ತಿದ್ದರು. ಕೆಂಪು ನೆಲದ ಮೇಲೆ ಬಿಳಿಯ ವಜ್ರದ ಸಾಲು, ನಡುವೆ ಬಾಚಣಿಗೆಯ ಹಲ್ಲಿನಂಥ ಗೆರೆಗಳು. ಗದಗಿನಲ್ಲಿ ಮೊದಲ ಅಂಗಡಿ ಹಾಕುವಾಗ ಬೋರ್ಡಿಗೆ ಏನು ಬರೆಸಲಿ ಎಂದು ತಲೆ ಕೆಟ್ಟಿತ್ತು. ಹೊಗೆಯಾಡುವ ಕಾಫಿ ಕಪ್ಪನ್ನು ಎಲ್ಲರೂ ಬರೆಸುತ್ತಾರೆ. ನಾನು ಹೋಗಿ ದಡಿ ಬೇಡಿದೆ. ಮಾಮಾ ಮಗ್ಗ ನಿಲ್ಲಿಸಿ ಯೋಚಿಸಿದರು.

“ಬೋರ್ಡಂದ್ರ ಎತ್ತರದಾಗ ಇರತೈತಿ, ಹೌದಿಲ್ಲೋ? ಹಂಗಾದ್ರ ತಗೋ. ಕೆಳಗ ಮಾತ್ರ ಬರಬಾರದು ನೋಡಪಾ.”

“ಛೇ, ಏನ್ ಮಾತಾಡ್ತೀರಿ ಮಾಮಾ!” ಎಂದೆ.

ಆ ಮಾತು ಎಷ್ಟು ದಿನ ಉಳಿಯಿತು ಕೇಳಿ. ಲಕ್ಷ್ಮೇಶ್ವರದಲ್ಲಿ ಎರಡನೇ ಅಂಗಡಿ ಹಾಕಿದಾಗ ದಡಿ ಬೋರ್ಡಿನಿಂದ ಗೋಡೆಗಿಳಿಯಿತು. ಶಿರಹಟ್ಟಿಯ ಅಂಗಡಿಯ ಹೊತ್ತಿಗೆ ಕೆಲಸಗಾರರ ಅಂಗಿಗೆ, ಆಮೇಲೆ ಕಾಗದದ ಕಪ್ಪಿಗೆ ಬಂತು. ಜನ ಕುಡಿದು ಗಟಾರಕ್ಕೆ ಎಸೆಯುತ್ತಿದ್ದರು. ನಾನೋ ಬಿದ್ದ ಕಪ್ಪುಗಳನ್ನು ಕಂಡು ಹಿಗ್ಗುತ್ತಿದ್ದೆ: ಊರ ತುಂಬ ನಮ್ಮ ಗುರುತು! ಮುಂಡರಗಿಯ ಅಂಗಡಿಗಂತೂ ಬಾಗಿಲಲ್ಲೇ ನೆಲದ ಉದ್ದಕ್ಕೂ ಆ ದಡಿಯ ಟೈಲ್ಸ್ ಹಾಕಿಸಿದೆ, ಬರುವವರಿಗೆ ಸೀರೆ ಹಾಸಿದಂತೆ ಕಾಣಲಿ ಎಂದು. ಬುದ್ಧಿ ಎಲ್ಲಿಗೆ ಹೋಗಿತ್ತೋ.

ಉದ್ಘಾಟನೆಗೆ ಮಾಮಾ ಹೊಸ ಧೋತರ ಉಟ್ಟು ಬಂದರು. ಚಪ್ಪಲಿ ಬಿಟ್ಟು ಬಾಗಿಲವರೆಗೆ ಬಂದವರು ನೆಲ ನೋಡಿ ನಿಂತುಬಿಟ್ಟರು. ಒಳಗೆ ಊರಿನ ದೊಡ್ಡ ವ್ಯಾಪಾರಸ್ಥರು ಕೂತಿದ್ದರು. ನನಗೆ ಅವರನ್ನು ನಗಿಸುವ ಚಪಲ.

“ಹೆದರಬ್ಯಾಡ್ರಿ ಮಾಮಾ, ಜಾರಂಗಿಲ್ಲ! ಮಗ್ಗದ ಕುಣ್ಯಾಗ ಕುಂತವರಿಗೆ ಟೈಲ್ಸ್ ಹೊಸಾದು ನೋಡ್ರಿ,” ಎಂದೆ.

ಎಲ್ಲರೂ ನಕ್ಕರು. ಮಾಮಾ ಕೂಡ ನಕ್ಕರು. “ಇಲ್ಲೇ ಗಾಳಿ ಚೊಲೊ ಐತೋ,” ಎಂದು ಹೊರಗೇ ನಿಂತು ಕಾಫಿ ಕುಡಿದರು. ಕುಡಿದ ಕಪ್ಪನ್ನು ಎಸೆಯದೆ ನಳದ ಕೆಳಗೆ ತೊಳೆದು ಕೈಚೀಲದಲ್ಲಿಟ್ಟುಕೊಂಡರು. ಕಪ್ಪು ಬಹಳ ಇಷ್ಟವಾಗಿದೆ ಎಂದುಕೊಂಡೆ ನಾನು, ಮಹಾ ಶಾಣ್ಯಾ!

ಅರ್ಥವಾದದ್ದು ಆ ವರ್ಷದ ಪೂಜೆಯಲ್ಲಿ. ದೇವಿಯ ಸೀರೆಗೆ ಚಿತ್ತಾರವಿಲ್ಲದ ಹಸಿರು ದಡಿ. ಯಾಕೆ ಎಂದು ಕೇಳಿದೆ.

“ಮಂದಿ ತುಳಿಯೂದನ್ನ ತಾಯಿಗೆ ಹೆಂಗ ಉಡಸೂದು?” ಎಂದರು ಅತ್ತಿ, ಮಾಮಾನ ಹೆಂಡತಿ, ಮೆಲ್ಲಗೆ.

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಆದರೂ ಆ ಟೈಲ್ಸ್ ಕೀಳಿಸಲಿಲ್ಲ ನೋಡಿ. ಗಿರಾಕಿಗಳಿಗೆ ಗುರುತಾಗಿಬಿಟ್ಟಿದೆ, ಈಗ ತೆಗೆದರೆ ಹೇಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಎರಡು ಪೂಜೆ ಕಳೆದೆ. ಇದನ್ನು ನಿಮ್ಮ ಮುಂದೆ ಹೇಳಲಿಕ್ಕೂ ನಾಲಗೆ ಏಳುವುದಿಲ್ಲ.

ಇಂದು ಬೆಳಿಗ್ಗೆ ಡಿಸೈನರಿಗೆ ಫೋನ್ ಮಾಡಿ, ಕತೆ ಬೇಡ, ನಾಲ್ಕೂ ಅಂಗಡಿಗಳಿಂದ ದಡಿಯನ್ನೇ ತೆಗೆಯಿರಿ ಎಂದು ಹೇಳಿದೆ. ನೇರ ಬೆಟಗೇರಿಗೆ ಹೋದೆ.

“ಮಾಮಾ, ನನ್ನಿಂದ ತಪ್ಪಾತ್ರಿ. ಎಲ್ಲಾ ಕಡೆ ತಗಸಾಕತ್ತೀನಿ. ಈ ಸಲ ತಾಯಿಗೆ ಅದ ದಡಿ ನೇಯ್ರಿ.”

ಅವರು ಲಾಳಿ ಕೆಳಗಿಟ್ಟರು.

“ನೇಯಾಕ ಕೈಗೆ ಬರತೈತೋ ತಮ್ಮಾ. ಆದ್ರ ಆ ದಡಿ ನೆನಸಿದ್ರ ಸಾಕು, ನಿಮ್ಮ ಅತ್ತಿ ಕಣ್ಣಾಗ ಗಟಾರದಾಗಿನ ಕಪ್ಪ ಬರತಾವಂತ. ಅಲ್ಲಿಂದ ಹೆಂಗ ತಗಸ್ತಿ?”

ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.