ಭಾವ ಹೇಳಿಕೊಡದ ನಡೆ

ಭಾವನ ಟೈಲರ್ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹಾಕುತ್ತಿದ್ದುದರಿಂದ ಆ ಹುಡುಗನಿಗೆ ಕಾಜಾ ಎಂದೇ ಹೆಸರು ಬಿದ್ದಿತ್ತು. ಅಕ್ಕ ಮದುವೆಯಾಗಿ ಬರುವಾಗ ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಜೊತೆಗೇ ಕರೆತಂದಿದ್ದಳು. ಹೊಲಿಗೆ ಕಲಿಸಿದವನು ಭಾವ, ಚೆಸ್ ಕಲಿಸಿದವನೂ ಭಾವನೇ. ಆದರೆ ಆಟ ಶುರುಮಾಡಲು ಕಲಿಸಿದ್ದು ಒಂದೇ ಓಪನಿಂಗ್, ಕಿಂಗ್ಸ್ ಗ್ಯಾಂಬಿಟ್. ಎರಡನೇ ನಡೆಗೇ ಒಂದು ಕಾಲಾಳನ್ನು ಎದುರಾಳಿಯ ಬಾಯಿಗೆ ಒಡ್ಡಿ, ಅವನು ಅದನ್ನು ತಿನ್ನುವಷ್ಟರಲ್ಲಿ ದಾಳಿಗೆ ನುಗ್ಗುವುದು. ಮನೆಯಲ್ಲಿ ಆಡುವಾಗ ಭಾವ ಪ್ರತಿಸಲವೂ ತಿನ್ನುತ್ತಿದ್ದ. ತಿನ್ನದವರೂ ಇರುತ್ತಾರೆಂಬುದು ಕಾಜಾನಿಗೆ ಗೊತ್ತೇ ಇರಲಿಲ್ಲ.

ಊರಿನ ಟೂರ್ನಮೆಂಟಿನಲ್ಲಿ ಅವನು ಒಬ್ಬೊಬ್ಬರಿಗೇ ಮಣ್ಣು ಮುಕ್ಕಿಸುತ್ತ ಹೋದ. ಗಿರಾಕಿಗಳು ಅಳತೆ ಕೊಡುತ್ತಲೇ, "ನಿಮ್ಮ ಭಾಮೈದ ಭಾರಿ ಆಟಗಾರ ಕಣ್ರೀ" ಎನ್ನತೊಡಗಿದರು. ಭಾವ ಗುಂಡುಸೂಜಿ ಕಚ್ಚಿಕೊಂಡು ಹೂಂಗುಟ್ಟುತ್ತಿದ್ದ.

ಟೂರ್ನಮೆಂಟಿನಲ್ಲಿ ಭಾವನೂ ಗೆಲ್ಲುತ್ತ ಬಂದಿದ್ದ; ಫೈನಲ್ ಬಿದ್ದದ್ದು ಅವರಿಬ್ಬರಿಗೇ. ಅಕ್ಕ ಮುಂದಿನ ಸಾಲಿನಲ್ಲಿದ್ದಳು. ಕಾಜಾ ಎಂದಿನಂತೆ ಕಾಲಾಳನ್ನು ಒಡ್ಡಿದ. ಭಾವ ಮುಟ್ಟಲಿಲ್ಲ, ತನ್ನ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದ. ತಬ್ಬಿಬ್ಬಾದ ಕಾಜಾ ಒಡ್ಡಿದ ಕಾಲಾಳಿನಿಂದಲೇ ಭಾವನ ರಾಜನ ಮುಂದಿನ ಕಾಲಾಳನ್ನು ಹೊಡೆದ. ಭಾವನ ರಾಣಿ ಓರೆಯಾಗಿ ಬೋರ್ಡಿನ ಅಂಚಿಗೆ ಹಾರಿ ಚೆಕ್ ಕೊಟ್ಟಿತು. ಕಾಲಾಳನ್ನು ಅಡ್ಡ ಇಟ್ಟರೆ ಇನ್ನೊಂದು ಚೆಕ್. ಅದನ್ನು ತಡೆದರೆ ಕಾಜಾನ ಮೂಲೆಯ ಆನೆ ಹೋಯಿತು.

ಕಾಜಾ ಕೈ ಚಾಚಿದ. "ಸೋತೆ ಭಾವ."

"ಕೈ ಆಮೇಲೆ ಕೊಡು. ಕೂತ್ಕೊಂಡು ಆಡು. ನಿಮ್ಮಕ್ಕ ನೋಡ್ತಿದಾಳೆ."

ಕಾಜಾನಿಗೆ ಭಾವನ ಮಾತು ಮೀರಿ ಅಭ್ಯಾಸವಿರಲಿಲ್ಲ, ಕೂತ. ಭಾವ ಮೇಟ್ ಕೊಡಬಹುದಾದಲ್ಲಿ ಕೊಡಲಿಲ್ಲ. ಕುದುರೆ, ಒಂಟೆ, ಕಾಲಾಳು ಎಲ್ಲವನ್ನೂ ಕಿತ್ತು, ಉಳಿದ ರಾಜನನ್ನು ಬೋರ್ಡಿನ ತುಂಬ ಅಟ್ಟಾಡಿಸಿದ. ಸುತ್ತ ನಿಂತವರು ಕಿಸಕ್ಕೆಂದರು.

ಮನೆಯಲ್ಲಿ ಅಕ್ಕ ಕೇಳಿದಳು: "ಆ ನಡೆ ಅವನಿಗೂ ಹೇಳ್ಕೊಡಬಾರ್ದಿತ್ತಾ?"

"ಸಾಕಿದ ನಾಯಿ ಬಾಯಲ್ಲಿ ಎಲ್ಲಾ ಹಲ್ಲೂ ಉಳಿಸ್ತಾರೇನೇ?"

ಕಾಜಾ ಪಕ್ಕದ ಕೋಣೆಯಲ್ಲೇ ಇದ್ದ.

ಆಮೇಲೆ ಅಂಗಡಿಯಲ್ಲಿ ದಿನಾ ಅದೇ ತಮಾಷೆ. ಗಿರಾಕಿ ಬಂದೊಡನೆ ಭಾವ, "ಏ ಕಾಜಾ, ನಿನ್ನ ಆನೆ ಎಲ್ಲೋಯ್ತೋ?" ಎನ್ನುವನು. "ಭಾವ ತಿಂದ್ರು" ಎಂದು ಇವನು ಹೇಳಬೇಕು. ಹೇಳುತ್ತಿದ್ದ. ಎಲ್ಲರಿಗಿಂತ ಮೊದಲು ತಾನೇ ನಗುವುದನ್ನೂ ಕಲಿತ. ಒಂದು ಮಧ್ಯಾಹ್ನ ಊಟ ತಂದಿದ್ದ ಅಕ್ಕ ಆ ಮಾತಿಗೆ ಫಕ್ಕನೆ ನಕ್ಕುಬಿಟ್ಟಳು. ಕಾಜಾ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು, ಚಪ್ಪಲಿ ಮೆಟ್ಟಿ ಹೊರಟ.

ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಹಿಡಿದು ಬಾಡಿಗೆ ಕೋಣೆ ಮಾಡಿಕೊಂಡ. ಅಕ್ಕ ಹುಡುಕಿಕೊಂಡು ಹೋದಳು.

"ಏನೋ ತಡೀಲಾರದೆ ನಕ್ಕೆ ಕಣೋ. ಮನೆಗೆ ಬಾ."

"ಅವ್ರು ನಕ್ಕಾಗ ನಾನೂ ನಗ್ತಿದ್ದೆ ಅಕ್ಕ. ನೀನು ನಕ್ಕಾಗ ಆಗ್ಲಿಲ್ಲ."

ಅವಳನ್ನು ಒಳಗೆ ಕರೆಯದೆ ಬಾಗಿಲು ಹಾಕಿಕೊಂಡ.