ಎಣ್ಣೆನೀರಿನ ದಿನ ನಾನು ನುಂಗಿದ ಮಾತು

ನನ್ನ ಗಂಡ ನನಗೆ ಹೊಡೆಯುತ್ತಾರೆಂದು ನನ್ನ ತವರಿನವರು ನಂಬಿದ್ದಾರೆ. ಇವರು ಒಂದು ದಿನವೂ ನನ್ನ ಮೇಲೆ ಕೈ ಎತ್ತಿದವರಲ್ಲ. ಹಾಗೆ ನಂಬಲು ಬಿಟ್ಟವಳು ನಾನು. ಬಿಟ್ಟೆ ಎಂದರೂ ಸುಳ್ಳಾಗುತ್ತದೆ—ನಂಬಿಸಿದೆ. ಹೊಡೆಯುತ್ತಾರೆ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ, ಅಷ್ಟೆ. ಆಡದೆಯೇ ನಂಬಿಸುವುದಕ್ಕೆ ಹೆಚ್ಚು ಜಾಣತನ ಬೇಕು, ಅದು ನನ್ನಲ್ಲಿತ್ತು.

ಇದನ್ನು ಯಾರಿಗೆ ಹೇಳುತ್ತಿದ್ದೇನೋ ನನಗೇ ಸರಿಯಾಗಿ ಗೊತ್ತಿಲ್ಲ. ಓದುವ ನಿಮಗೆ ಎಂದುಕೊಳ್ಳುತ್ತೇನೆ. ಹೇಳಬೇಕಾದವರಿಗೆ ಹೇಳಿ ನೋಡಿದ್ದಾಯಿತು, ಅದು ಇನ್ನೊಂದು ಥರ ಆಯಿತು. ಇರಲಿ, ಮೊದಲಿಂದ ಹೇಳುತ್ತೇನೆ.

ನಮ್ಮ ಮನೆ ಒಂಟಿಕೊಪ್ಪಲಿನಲ್ಲಿ. ಇವರಿಗೆ ವಿದ್ಯುತ್ ಇಲಾಖೆಯಲ್ಲಿ ಕೆಲಸ. ಮದುವೆಯಾಗಿ ನಾಲ್ಕೈದು ವರ್ಷವಾಗಿತ್ತು. ಒಂದು ದಿನ ಮಾರ್ಕೆಟ್ಟಿನಿಂದ ಬರುತ್ತಿದ್ದಾಗ ಹಿಂದಿನಿಂದ ಹೂವಿನವಳೊಬ್ಬಳು ಕೂಗಿದಳು, “ಅಕ್ಕಾ, ನಿಮ್ ಚಪ್ಲಿ ಇಲ್ಲೇ ಬಿದ್ದದೆ.” ಎಡಗಾಲಿನ ಚಪ್ಪಲಿ ಕಳಚಿಕೊಂಡದ್ದು ನನಗೆ ತಿಳಿದೇ ಇರಲಿಲ್ಲ. ಕಾಲಿಗೆ ಸ್ಪರ್ಶವೇ ಇರಲಿಲ್ಲ. ಆಮೇಲೆ ಒಂದು ಕಣ್ಣು ಮಂಜಾಯಿತು. ಬೆಂಗಳೂರಿನ ನರರೋಗದ ಡಾಕ್ಟರು ಸ್ಕ್ಯಾನ್ ನೋಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರಗಳ ಮೇಲಿನ ಹೊದಿಕೆಯನ್ನು ನಮ್ಮ ಮೈಯೇ ಕೆಡಿಸಿಹಾಕುವ ಕಾಯಿಲೆಯಂತೆ. ಪೂರ್ತಿ ವಾಸಿಯಾಗುವುದಿಲ್ಲ, ಏರದ ಹಾಗೆ ತಡೆಹಿಡಿಯಬಹುದು—ಅದಕ್ಕೆ ದಿನ ಬಿಟ್ಟು ದಿನ ಇಂಜೆಕ್ಷನ್.

ನನ್ನ ಕೈ ನಡುಗುತ್ತಿದ್ದುದರಿಂದ ಚುಚ್ಚುವುದನ್ನು ಇವರು ಕಲಿತರು. ಕರೆಂಟಿನ ಜೊತೆ ಸಲೀಸಾಗಿ ಆಡುತ್ತಿದ್ದ ಮನುಷ್ಯ ಸೂಜಿ ಕಂಡರೆ ಬೆವರುತ್ತಿದ್ದರು. ನಾನೇ ರೇಗಿಸಿ ಧೈರ್ಯ ಹೇಳಬೇಕಾಗಿತ್ತು. ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇರುತ್ತಿದ್ದ ಔಷಧಿಯನ್ನು ಮುಂಚೆಯೇ ತೆಗೆದಿಟ್ಟು ಅದರ ತಣುಪು ಕಳೆಯುತ್ತಿದ್ದರು. ಚುಚ್ಚುವ ಜಾಗಕ್ಕೆ ಐಸ್ ಹಿಡಿಯುತ್ತಿದ್ದರು. ಇಷ್ಟೆಲ್ಲ ಮಾಡಿದರೂ ಉರಿ ತಪ್ಪುತ್ತಿರಲಿಲ್ಲ. ಸೂಜಿ ಹೋದಲ್ಲಿ ಮೊದಲು ಕೆಂಪಗೆ ಒಂದು ಚುಕ್ಕೆ, ಮಾರನೆಯ ದಿನಕ್ಕೆ ನಿಪ್ಪಟ್ಟಿನಗಲ. ಆಮೇಲೆ ನೀಲಿ, ಆಮೇಲೆ ಕಾಫಿ ಬಣ್ಣ. ಒಳಗೆ ಅಡಿಕೆಯಂಥ ಗಂಟು. ಒಂದು ಮಾಯುವ ಮುಂಚೆ ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತು. ತೊಡೆ, ಹೊಟ್ಟೆ, ತೋಳಿನ ಹಿಂಭಾಗ—ಜಾಗ ಬದಲಿಸುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಬದಲಿಸಲು ಮೈ ಇರುವುದು ಇಷ್ಟೇ ತಾನೆ. ನಾನು ಮೊಣಕೈವರೆಗೆ ತೋಳಿರುವ ರವಿಕೆ ಹೊಲಿಸಿಕೊಂಡೆ.

ಕಾಯಿಲೆಯ ವಿಷಯ ತವರಿಗೆ ತಿಳಿಸಲಿಲ್ಲ. ಆಗ ನನ್ನ ತಂಗಿ ಗೀತಾಳಿಗೆ ಗಂಡು ನೋಡುತ್ತಿದ್ದರು. ನಮ್ಮ ಕಡೆ ಹೆಣ್ಣು ಕೇಳುವವರು ಮನೆತನ ನೋಡುತ್ತಾರೆ, ಮಠದಲ್ಲಿ ವಿಚಾರಿಸುತ್ತಾರೆ, ಅಕ್ಕನಿಗೆ ನರದ ಕಾಯಿಲೆಯಂತೆ ಎಂದು ತಿಳಿದರೆ ಜಾತಕ ಹಿಂದಕ್ಕೆ ಬರುತ್ತದೆ. ಅಮ್ಮನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಅದಕ್ಕೆ ಅಮ್ಮನಿಗೂ ಬೇಡ ಎಂದೆ. ಇವರು ಒಪ್ಪಿದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ನಾವು ಹೇಳಬೇಕಾದದ್ದು ಒಂದೇ, ಅದೂ ಸುಮ್ಮನಿದ್ದರೆ ಸಾಕು ಎಂದುಕೊಂಡೆವು.

ಆ ವರ್ಷ ದೀಪಾವಳಿಗೆ ಕೃಷ್ಣಮೂರ್ತಿಪುರಂನ ತವರಿಗೆ ಹೋದೆವು. ಹಬ್ಬದ ಬೆಳಗಿನ ಎಣ್ಣೆನೀರನ್ನು ಅಮ್ಮನೇ ಹಾಕಬೇಕು, ಮಗಳಿಗೆ ಎಷ್ಟು ವಯಸ್ಸಾದರೂ ಸರಿ. ತಪ್ಪಿಸಿಕೊಳ್ಳಲು ಏನೇನೋ ನೆಪ ಹೇಳಿದೆ. “ಹಬ್ಬದ ದಿವ್ಸ ತಲೆಗೆ ಎಣ್ಣೆ ಬೇಡ ಅನ್ಬಾರ್ದು, ಬಾರೆ,” ಎಂದು ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿದಳು. ನೆತ್ತಿಗೆ ಹರಳೆಣ್ಣೆ ಒತ್ತಿ, ಬೆನ್ನಿಗೆ ಹಚ್ಚಿ, ತೋಳಿಗೆ ಬಂದಾಗ ಅವಳ ಕೈ ನಿಂತಿತು. ಹಂಡೆಯ ಬೆಂಕಿಯ ಬೆಳಕಿಗೆ ನನ್ನ ತೋಳನ್ನು ತಿರುಗಿಸಿ ನೋಡಿದಳು. ಆಮೇಲೆ ಸುತ್ತಿಕೊಂಡಿದ್ದ ಸೀರೆಯನ್ನು ಸರಿಸಿ ತೊಡೆ ನೋಡಿದಳು.

“ಅಳಿಯಂದಿರಾ?” ಎಂದಳು. ತೀರಾ ಮೆಲ್ಲಗೆ.

ಆಗ ಏನನ್ನಿಸಿತು ಎಂದು ಈಗಲೂ ಹುಡುಕುತ್ತೇನೆ. ಅಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ಕಾಯಿಲೆ ಹೊರಬೀಳುತ್ತದೆ, ಗೀತಾಳ ಮದುವೆ—ಇದು ಒಂದು. ಇದನ್ನು ಎಲ್ಲರೂ ಒಪ್ಪುತ್ತಾರೆ, ನಾನೂ ಬಹಳ ದಿನ ಇದನ್ನೇ ನನಗೆ ಹೇಳಿಕೊಂಡೆ. ಆದರೆ ಇನ್ನೊಂದೂ ಇತ್ತು. ಅಮ್ಮ ನನ್ನ ತಲೆಯನ್ನು ಎದೆಗೊತ್ತಿಕೊಂಡಳು. ರೋಗ ಬಂತೆಂದು ತಿಳಿದ ಮೇಲೆ ಯಾರೂ ನನ್ನನ್ನು ಹಾಗೆ ಹಿಡಿದುಕೊಂಡಿರಲಿಲ್ಲ. ಇವರು ಹಿಡಿದುಕೊಂಡರೆ ಕೈಯಲ್ಲಿ ಹತ್ತಿಯೋ ಐಸೋ ಇರುತ್ತಿತ್ತು. ಹೊಡೆತ ತಿಂದ ಮಗಳಿಗೆ ಸಿಗುವ ಕರುಣೆ ನನಗೆ ಹಿತವಾಯಿತು. ಹೊಡೆತ ಎಂದಾದರೂ ನಿಲ್ಲಬಹುದು, ಕಾಯಿಲೆ ನಿಲ್ಲುವುದಿಲ್ಲ... ಮತ್ತೆ, ಹೇಳಿಯೇ ಬಿಡುತ್ತೇನೆ, ಇವರ ಮೇಲೆ ನನಗೆ ಸಿಟ್ಟೂ ಇತ್ತು. ಇವರ ಕೈ ಬಂದಾಗಲೆಲ್ಲ ಉರಿ ಬರುತ್ತಿತ್ತು. ನನ್ನ ಒಳ್ಳೆಯದಕ್ಕೇ ಎಂದು ಗೊತ್ತಿದ್ದೂ ಮೈಗೆ ಅದು ಗೊತ್ತಾಗುತ್ತಿರಲಿಲ್ಲ.

ನಾನು ಅತ್ತೆ. ಆಮೇಲೆ, “ಅಪ್ಪಾಜಿಗೆ ಮಾತ್ರ ಹೇಳ್ಬೇಡಮ್ಮ,” ಎಂದೆ.

ಊಟದ ಹೊತ್ತಿಗೆ ಅಪ್ಪಾಜಿಗೆ ತಿಳಿದಿತ್ತು. ಹಿಂದಿನ ಹಬ್ಬಗಳಲ್ಲಿ ಇವರು ಸಾಕು ಸಾಕು ಎಂದರೂ ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುತ್ತಿದ್ದ ಅಮ್ಮ, ಆ ದಿನ ತುಪ್ಪದ ಮಿಳ್ಳೆ ಹಿಡಿದು ಇವರ ಎಲೆಯನ್ನು ದಾಟಿ ಹೋದಳು. ಅಪ್ಪಾಜಿ ತಲೆ ಎತ್ತಲಿಲ್ಲ. ಸ್ಕೂಟರಿನಲ್ಲಿ ಮನೆಗೆ ಬಂದ ಮೇಲೆ, “ನನ್ನಿಂದೇನಾರ ತಪ್ಪಾಯ್ತಾ?” ಎಂದು ಇವರು ಕೇಳಿದರು. ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. “ಗೀತನ ಮದ್ವೆ ಆಗೋವರ್ಗೂ ಇರ್ಲಿ ಬುಡು. ಆಮೇಲೆ ನೀನೇ ಹೇಳ್ಬುಡು,” ಎಂದರು. ಆ ದಿನ ಇಂಜೆಕ್ಷನ್ನಿನ ದಿನ. ತೋಳಿಗೆ ಬೇಡ ಎಂದು ನಾನೇ ಹೇಳಿದೆ. ಅಂದಿನಿಂದ ತೋಳಿನ ಪಾಲೂ ತೊಡೆಗೆ, ಹೊಟ್ಟೆಗೆ ಬಿತ್ತು. ಗಂಟಿನ ಮೇಲೆ ಗಂಟಾಗಿ ಚರ್ಮ ಕಲ್ಲಿನ ಹಾಗಾಯಿತು, ಒಂದು ಕಡೆ ಗುಳಿಯೇ ಬಿತ್ತು. ಸುಳ್ಳನ್ನು ಕಾಪಾಡಿಕೊಳ್ಳಲು ನನ್ನ ಮೈಯನ್ನೇ ಕೊಟ್ಟೆ, ಇವರ ಮಾನ ಆಗಲೇ ಕೊಟ್ಟಾಗಿತ್ತು.

ಗೀತಾಳ ಮದುವೆ ಚೆನ್ನಾಗಿಯೇ ಆಯಿತು. ದೊಡ್ಡ ಅಳಿಯ ಮಾಡಬೇಕಾದ ಓಡಾಟವನ್ನೆಲ್ಲ ಅಪ್ಪಾಜಿ ಚಿಕ್ಕಪ್ಪನ ಮಗನಿಗೆ ಒಪ್ಪಿಸಿದರು. ಇವರು ಛತ್ರದ ಊಟದ ಮನೆಯಲ್ಲಿ ಎಲೆ ಹಾಕಿಸುತ್ತಾ ನಿಂತಿದ್ದರು. ಗುಂಪು ಫೋಟೋಗೆ ಯಾರೂ ಕರೆಯಲಿಲ್ಲ. ಮದುವೆ ಮುಗಿದ ಮೇಲೆ ಹೇಳಬೇಕಿತ್ತು. ಗೀತಾ ಬಸುರಿಯಾದಳು, ಈಗ ಬೇಡ ಎಂದೆ. ಬಾಣಂತನ ಮುಗಿಯಲಿ ಎಂದೆ. ಇವರು ಮೊದಮೊದಲು “ಹೇಳಿದ್ಯಾ?” ಎನ್ನುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು, ನನ್ನ ತವರಿಗೆ ಬರುವುದನ್ನೂ ಬಿಟ್ಟರು. ಮೊದಲ ಸಲ ಸುಮ್ಮನಿದ್ದುದಕ್ಕೆ ಒಂದು ಕಾರಣವಾದರೂ ಇತ್ತು. ಆಮೇಲಿನದಕ್ಕೆ ಯಾವ ಕಾರಣವೂ ಇರಲಿಲ್ಲ.

ಅಪ್ಪಾಜಿ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದಾಗ ಮಾತ್ರ ಇವರು ಬಂದರು. ಯಾರೂ ಹೇಳದಿದ್ದರೂ ದಿನಾ ಬರುತ್ತಿದ್ದರು. ಒಂದು ಮಧ್ಯಾಹ್ನ ಅಪ್ಪಾಜಿ ನೀರು ಕೇಳಿದರು. ಹತ್ತಿರವಿದ್ದ ಇವರು ಲೋಟ ಹಿಡಿದು ಬಾಗಿದರು. ಅಪ್ಪಾಜಿ ಲೋಟವನ್ನು ನೋಡಿದರು, ಇವರನ್ನು ನೋಡಿದರು, ಮುಖ ತಿರುಗಿಸಿ, “ಸುಮಾ, ನೀನು ಕೊಡವ್ವ,” ಎಂದರು. ಇವರು ಲೋಟವನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ನೀರು ಕುಡಿದ ಮೇಲೆ ಅಪ್ಪಾಜಿ ನನ್ನ ತೋಳನ್ನು ಸವರಿದರು. “ನಿಂಗೋಸ್ಕರ ನನ್ ಕೈಲಿ ಏನೂ ಮಾಡಕ್ಕಾಗ್ಲಿಲ್ಲ ಕಣಮ್ಮ,” ಎಂದರು.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಮಾತು ಸಾಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು—ಬಂದಿತ್ತೇ? ಹಾಗೆಂದುಕೊಳ್ಳುವುದು ಈಗ ನನಗೆ ಅನುಕೂಲ. ನಿಜವಾಗಿ ನಾನು ಲೋಟ ತೊಳೆಯಲು ಎದ್ದು ಹೋದೆ. ಆ ವಾರವೇ ಅಪ್ಪಾಜಿ ತೀರಿಕೊಂಡರು. ಅಳಿಯ ಕೆಟ್ಟವನು, ತಾನು ಕೈಲಾಗದ ತಂದೆ ಎಂದುಕೊಂಡೇ ಹೋದರು. ಎರಡೂ ನಿಜವಲ್ಲ.

ಅಮ್ಮ ಈಗ ಲಕ್ಷ್ಮೀಪುರಂನಲ್ಲಿ ಗೀತಾಳ ಜೊತೆ ಇದ್ದಾಳೆ. ಹೋದ ವಾರ ಗೀತಾ ಮಗುವನ್ನು ಸ್ಕೂಲಿನಿಂದ ಕರೆತರಲು ಹೋಗಿದ್ದಾಗ ಅಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಕಾಯಿಲೆಯ ಹೆಸರು ಹೇಳಿದೆ. ಸೀರೆ ಸರಿಸಿ ತೊಡೆಯ ಗುಳಿ ತೋರಿಸಿದೆ, ಜೊತೆಗೆ ಒಯ್ದಿದ್ದ ಖಾಲಿ ಸಿರಿಂಜು ತೋರಿಸಿದೆ. ಈಗ ಕೋಲು ಹಿಡಿದು ನಡೆಯುತ್ತಿರುವುದೂ ಅದರಿಂದಲೇ ಎಂದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

“ಹೆತ್ತೋಳಿಗೆ ಇಷ್ಟು ವರ್ಷ ಹೇಳ್ದೆ ಇರೋ ಕಾಯ್ಲೆ ಅದ್ಯಾವ್ದೆ?” ಎಂದಳು. “ಹಿಂಗೆ ಹೇಳು ಅಂತ ಅವರೇ ಕಳ್ಸಿದ್ರಾ? ನಿಮ್ಮಪ್ಪಾಜಿ ಹೋದ್ರಲ್ಲ, ಇನ್ಯಾರು ಕೇಳೋರು ಅಂತ ಧೈರ್ಯ ಬಂದದೆ.”

ಡಾಕ್ಟರ ಕಾಗದ ತಂದು ತೋರಿಸುತ್ತೇನೆ ಎಂದೆ. “ಕಾಗ್ದ ಯಾರು ಬೇಕಾದ್ರೂ ಬರ್ಕೊಡ್ತಾರೆ ಬುಡು,” ಎಂದು ನನ್ನ ಕೋಲನ್ನು ನೋಡಿ ಕಣ್ಣೊರೆಸಿಕೊಂಡಳು. ನನ್ನ ಕುಂಟುವಿಕೆಯೂ ಇವರ ಲೆಕ್ಕಕ್ಕೇ ಸೇರಿತು. ನಿಜ ಹೇಳಲು ಹೋಗಿ ಇವರನ್ನು ಇನ್ನೊಂದಿಷ್ಟು ಕೆಟ್ಟವರನ್ನಾಗಿ ಮಾಡಿ ಬಂದೆ.

ಮನೆಗೆ ಬಂದು ಕೂತವಳನ್ನು ಇವರು ನೋಡಿದರು. ಎಷ್ಟೋ ವರ್ಷಗಳ ಮೇಲೆ ಮತ್ತೆ ಕೇಳಿದರು, “ಹೇಳಿದ್ಯಾ?”

“ಹ್ಞೂಂ.”

“ಏನಂದ್ರು?”

“ಅತ್ಬಿಟ್ರು ಕಣ್ರೀ. ಅಳಿಯಂದಿರನ್ನ ನೋಡ್ಬೇಕು ಅಂದ್ರು.”

ಯಾಕೆ ಹಾಗೆಂದೆ? ಗೊತ್ತಿಲ್ಲ. ಇವರ ಮುಖ ನೋಡಿ ಬೇರೆ ಏನೂ ಹೇಳಲಾಗಲಿಲ್ಲ ಎನ್ನಬಹುದು, ಆದರೆ ಅದೂ ಹಳೆಯ ಜಾಣತನವೇ. ಇವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಮತ್ತೆ ತೆಗೆದರು. “ಪಾಪ, ವಯಸ್ಸಾದೋರು, ಎಷ್ಟು ನೊಂದ್ಕೊಂಡ್ರೋ ಏನೋ. ಭಾನ್ವಾರ ಹೋಗ್ಬರಣ,” ಎಂದರು.

ಇವತ್ತು ಭಾನುವಾರ. ನಿನ್ನೆ ಮಾರ್ಕೆಟ್ಟಿಗೆ ಹೋಗಿ ಅಮ್ಮನಿಗೆ ಇಷ್ಟವೆಂದು ರಸಬಾಳೆ ತಂದಿಟ್ಟಿದ್ದಾರೆ. ಮದುವೆಮನೆಗೆಂದು ಎತ್ತಿಟ್ಟಿದ್ದ ಬಿಳಿ ಶರಟಿಗೆ ತಾವೇ ಇಸ್ತ್ರಿ ಹಾಕಿಕೊಂಡಿದ್ದಾರೆ. ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಾ ಏನೋ ಗುನುಗುತ್ತಿದ್ದಾರೆ. ಆ ಮನೆಯ ಬಾಗಿಲಿಗೆ ಹೋಗಿ ನಿಂತರೆ ಇವರಿಗೆ ಏನು ಕಾದಿದೆ ಎಂದು ನನಗೊಬ್ಬಳಿಗೆ ಗೊತ್ತು.

ಇವರು ಹೊರಗೆ ಬಂದ ಕೂಡಲೆ ಹೇಳುತ್ತೇನೆ. ಅಮ್ಮ ನಂಬಲಿಲ್ಲ, ನಾನು ನಿಮಗೂ ಸುಳ್ಳು ಹೇಳಿದೆ ಎಂದು. ಆಮೇಲೆ ಗೀತಾಳನ್ನೂ ಅವಳ ಗಂಡನನ್ನೂ ಕೂರಿಸಿಕೊಂಡು ಅಮ್ಮನಿಗೆ ಮತ್ತೆ ಹೇಳುತ್ತೇನೆ, ನಂಬದಿದ್ದರೆ ಮತ್ತೊಮ್ಮೆ ಹೇಳುತ್ತೇನೆ. ಇವರು ನನ್ನ ಜೊತೆ ಬರುತ್ತಾರೋ ಇಲ್ಲವೋ, ಅದು ಇವರಿಗೆ ಬಿಟ್ಟದ್ದು. ಬಚ್ಚಲ ಚಿಲಕ ತೆಗೆದ ಸದ್ದಾಯಿತು. ನಾನು ಏಳುತ್ತಿದ್ದೇನೆ.